ಮೂಲೆ ಹಿಡಿದು ಎಳೆಯುವ ಗಣಿತ

ಹೋಬಳಿ ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನೋಡಿದ ಗಣಿತದ ಪಿರಿಯಡ್ ಒಂದು ಇನ್ನೂ ಕಣ್ಣಮುಂದಿದೆ. ಒಂಬತ್ತನೇ ತರಗತಿ. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು, ಅದರೊಳಗೊಂದು ತ್ರಿಭುಜ, ಮೂರು ಮೂಲೆಗಳಲ್ಲೂ ಕೋನದ ಅಳತೆ. ತಂತ್ರಾಂಶದ ಹೆಸರು ಜಿಯೋಜಿಬ್ರಾ. ಮೇಡಂ ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಕರೆದು ಮೌಸ್ ಕೊಟ್ಟರು. ಅವಳು ಒಂದು ಮೂಲೆ ಹಿಡಿದು ಎಳೆದಳು. ತ್ರಿಭುಜ ಉದ್ದವಾಯಿತು, ಓರೆಯಾಯಿತು, ಕಡ್ಡಿಯಂತೆ ಸಪೂರವಾಯಿತು. ಅಂಕಿಗಳು ಓಡುತ್ತಲೇ ಇದ್ದವು. "ಎಲ್ಲಾದ್ರೂ ನಿಲ್ಸಮ್ಮ. ಈಗ ಎಲ್ರೂ ಕೂಡಿ ನೋಡಿ" ಎಂದರು ಮೇಡಂ. 61.34, 54.28, 64.39. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ: "ಮೇಡಂ, 180.01 ಬರ್ತಾ ಇದೆ."

"ಕೂತ್ಕೋ, ಸರಿಯಾಗಿ ಕೂಡು" ಎನ್ನಬಹುದಿತ್ತು. ಪಾಠ ಮುಗಿಸುವ ಆತುರದಲ್ಲಿ ಎಷ್ಟೋ ಕಡೆ ಹಾಗೇ ಆಗುತ್ತದೆ. ಆ ಮೇಡಂ ಹಾಗೆನ್ನಲಿಲ್ಲ. ತಂತ್ರಾಂಶದಲ್ಲಿ ದಶಮಾಂಶ ಸ್ಥಾನಗಳನ್ನು ಎರಡರಿಂದ ಐದಕ್ಕೆ, ಐದರಿಂದ ಹತ್ತಕ್ಕೆ ಏರಿಸಿದರು. ಪ್ರತಿ ಸಲವೂ ಹೆಚ್ಚುವರಿ ಸಣ್ಣದಾಗುತ್ತ ಹೋಯಿತು. "ಹಾಗಾದ್ರೆ 180 ಅಂತ ಕಂಪ್ಯೂಟರ್‌ಗೂ ಖಚಿತವಾಗಿ ಗೊತ್ತಿಲ್ವಾ?" ಎಂದು ಹುಡುಗ ಮತ್ತೆ ಕೇಳಿದ. ಮೇಡಂ ಪ್ರೊಜೆಕ್ಟರ್ ಆರಿಸಿ, ಸೀಮೆಸುಣ್ಣ ತೆಗೆದುಕೊಂಡು, ಬೋರ್ಡಿನ ಮೇಲೆ ತ್ರಿಭುಜ ಬರೆದು, ಅದರ ಶಿರೋಬಿಂದುವಿನ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರು. ಅಂದು ಆ ತರಗತಿಗೆ ಪ್ರಮೇಯಕ್ಕೆ ಸಾಧನೆ ಏಕೆ ಬೇಕು ಎಂಬುದು ಪುಸ್ತಕ ಹೇಳುವ ಮೊದಲೇ ಗೊತ್ತಾಗಿತ್ತು.

ಗಣಿತ, ವಿಜ್ಞಾನಗಳನ್ನು ಎಲ್ಲರ ಕೈಗೆ ಎಟುಕಿಸಬೇಕೆಂದು ಅರ್ಧ ಶತಮಾನದಿಂದ ಜಗತ್ತಿನ ಹಲವೆಡೆ ಜನ ದುಡಿದಿದ್ದಾರೆ. ತಂತ್ರಾಂಶ ಬರೆದವರಿದ್ದಾರೆ, ಪ್ರದರ್ಶನ ಕಟ್ಟಿದವರಿದ್ದಾರೆ, ಬೆಂಕಿಕಡ್ಡಿ ಹಿಡಿದು ಊರೂರು ತಿರುಗಿದವರಿದ್ದಾರೆ. ಇವುಗಳಲ್ಲಿ ಯಾವುದು ನಿಜಕ್ಕೂ ಬಾಗಿಲು ತೆರೆಯಿತು ಎಂದು ಕೇಳಿಕೊಂಡಾಗೆಲ್ಲ ನನಗೆ ಆ ಪಿರಿಯಡ್ ನೆನಪಾಗುತ್ತದೆ. ಅಲ್ಲಿ ಎರಡು ಸಂಗತಿಗಳಿದ್ದವು: ಹುಡುಗಿಯ ಕೈಗೆ ಸಿಕ್ಕಿದ ಮೂಲೆ ಮತ್ತು ಹುಡುಗನ ಪ್ರಶ್ನೆಗೆ ನಿಂತ ಮೇಡಂ. ಮೊದಲನೆಯದನ್ನು ತಯಾರಿಸಲು ನಾವು ಕಲಿತಿದ್ದೇವೆ. ಎರಡನೆಯದಕ್ಕೆ ಬೇಕಾದ ಭಾಷೆ, ತರಬೇತಿ, ಹಣ ಇವನ್ನು ಹೊಂದಿಸಲು ಇನ್ನೂ ಕಲಿತಿಲ್ಲ. ನನ್ನ ಮಾತೆಲ್ಲ ಇದರ ಸುತ್ತಲೇ.

ಮೂಲೆಯನ್ನು ಮಗುವಿನ ಕೈಗೆ ಕೊಡುವ ಕೆಲಸಕ್ಕೆ ದಾರಿ ಹಾಕಿದವರು ಸೀಮೋರ್ ಪ್ಯಾಪರ್ಟ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆ ಜೊತೆ ಕೆಲಸ ಮಾಡಿ, ಅಮೆರಿಕದ ಎಂಐಟಿ ಸೇರಿದ ಗಣಿತಜ್ಞ ಅವರು. 1967ರಲ್ಲಿ ಅವರು, ವಾಲಿ ಫರ್ಜೈಗ್, ಸಿಂತಿಯಾ ಸಾಲಮನ್ ಮತ್ತು ಅವರ ತಂಡ ಸೇರಿ ಮಕ್ಕಳಿಗಾಗಿಯೇ ‘ಲೋಗೊ’ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ಅದರಲ್ಲೊಂದು ಆಮೆ. "ಮುಂದೆ 100, ಬಲಕ್ಕೆ 90" ಎಂದು ನಾಲ್ಕು ಸಲ ಹೇಳಿದರೆ ಆಮೆ ಚೌಕ ಬರೆಯುತ್ತದೆ. ಸೊಗಸು ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಸಮಬಾಹು ತ್ರಿಭುಜ ಬರೆಸು ಎಂದರೆ ಮಗು ಪುಸ್ತಕದ ನೆನಪಿನಲ್ಲಿ 60 ಎಂದು ಕೊಡುತ್ತದೆ. ಮೂರು ಸಲ ತಿರುಗಿದರೂ ಆಕೃತಿ ಮುಚ್ಚುವುದಿಲ್ಲ, ಅರ್ಧ ಷಡ್ಭುಜವೊಂದು ಬಾಯಿ ತೆರೆದು ನಿಲ್ಲುತ್ತದೆ. ಆಗ ಮಗು ಎದ್ದು ತಾನೇ ಆಮೆಯಾಗಿ ನೆಲದ ಮೇಲೆ ನಡೆಯಬೇಕು. ಮೂಲೆ ತಲುಪಿದಾಗ ದೇಹ ಎಷ್ಟು ತಿರುಗಿತು? ಒಳಗಿನ ಕೋನದಷ್ಟಲ್ಲ, ಹೊರಗಿನದರಷ್ಟು. 120. ಪಠ್ಯಪುಸ್ತಕದ ‘ಬಾಹ್ಯ ಕೋನ’ ಎಂಬ ಒಣ ಪದ ಆ ಕ್ಷಣಕ್ಕೆ ಕಾಲಿನ ಅನುಭವವಾಗುತ್ತದೆ. ಯಾವುದೇ ಬಹುಭುಜದ ಸುತ್ತ ನಡೆದು ಹೊರಟ ಜಾಗಕ್ಕೆ ಹೊರಟ ದಿಕ್ಕಿಗೇ ಮುಖ ಮಾಡಿ ಬಂದರೆ ಒಟ್ಟು ತಿರುಗಿದ್ದು 360 ಎಂಬುದನ್ನು ಮಗುವಿಗೆ ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಬೀಳುವ ಜಾಗದಲ್ಲಿ ತಪ್ಪೇ ಪಾಠವಾಗುವ ಇಂಥ ವ್ಯವಸ್ಥೆ ನಾನು ನೋಡಿದ ಮಟ್ಟಿಗೆ ಇಂದಿಗೂ ಅಪರೂಪ. 2007ರಲ್ಲಿ ಅದೇ ಎಂಐಟಿಯಿಂದ ಬಂದ ‘ಸ್ಕ್ರ್ಯಾಚ್’ ಈ ಆಮೆಯ ವಂಶದ ಕೂಸು.

ಜಿಯೋಜಿಬ್ರಾ ಹುಟ್ಟಿದ್ದು ಆಸ್ಟ್ರಿಯಾದಲ್ಲಿ. 2001ರಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಅದನ್ನು ಬರೆಯತೊಡಗಿದರು. ರೇಖಾಗಣಿತ ಒಂದು ಕಡೆ, ಬೀಜಗಣಿತ ಒಂದು ಕಡೆ ಎಂದು ನಾವು ಬೇರೆ ಮಾಡಿ ಕಲಿಸಿದ್ದನ್ನು ಅದು ಒಂದೇ ಪರದೆಯ ಮೇಲೆ ಇಟ್ಟಿತು. ಸರಳರೇಖೆಯನ್ನು ಎಳೆದರೆ ಪಕ್ಕದಲ್ಲಿ ಅದರ ಸಮೀಕರಣ ಬದಲಾಗುತ್ತದೆ, ಸಮೀಕರಣದ ಸಂಖ್ಯೆ ತಿದ್ದಿದರೆ ರೇಖೆ ವಾಲುತ್ತದೆ. ಕೇರಳ ತನ್ನ ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡು, ಜಿಯೋಜಿಬ್ರಾವನ್ನು ಗಣಿತ ಪಾಠದ ಒಳಗೇ ಸೇರಿಸಿಕೊಂಡಿತು. ಕರ್ನಾಟಕದಲ್ಲೂ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯಲ್ಲಿ ಪ್ರೌಢಶಾಲಾ ಶಿಕ್ಷಕರೇ ಕನ್ನಡದಲ್ಲಿ ಪಾಠಸಾಮಗ್ರಿ ಬರೆದರು. ಶಿಕ್ಷಕರನ್ನು ಬರೀ ಬಳಕೆದಾರರೆಂದು ನೋಡದೆ ಬರೆಯುವವರೆಂದು ನಂಬಿದ ಯೋಜನೆಗಳು ಕಡಿಮೆ. ಹಾಗಾಗಿ ಇದರ ಬಗ್ಗೆ ನನಗೆ ವಿಶೇಷ ಗೌರವ.

2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿ ಜಿಯೋಜಿಬ್ರಾವನ್ನು ಕೊಂಡುಕೊಂಡಿತು. ಮೂರು ವರ್ಷ ತುಂಬುವ ಮೊದಲೇ ಆ ಕಂಪನಿಯೇ ದಿವಾಳಿ ಪ್ರಕ್ರಿಯೆಯ ಮೆಟ್ಟಿಲು ಹತ್ತಿತು. ತಂತ್ರಾಂಶ ಇಂದಿಗೂ ಮಕ್ಕಳಿಗೆ ಉಚಿತವಾಗಿ ಸಿಗುತ್ತಿದೆ, ಅದು ಸಮಾಧಾನ. ಆದರೂ ಸಾವಿರಾರು ಶಿಕ್ಷಕರು ತಮ್ಮದೆಂದು ಕೈಯಾರೆ ಬೆಳೆಸಿದ ಸಾಧನದ ಒಡೆತನ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಊರ ಕೆರೆಯ ಕೀಲಿಕೈ ಒಬ್ಬರ ಜೇಬಿನಲ್ಲಿದ್ದಂತೆ ಅನ್ನಿಸುತ್ತದೆ.

ವಿಜ್ಞಾನದ ಕಡೆ ಬಂದರೆ ಪರದೆಯ ಮೇಲೆ ಪ್ರಯೋಗ ಮಾಡಿಸುವ ‘ಫೆಟ್’ ಬಗ್ಗೆ ಹೇಳಲೇಬೇಕು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರಲ್ಲೊಬ್ಬರಾದ ಕಾರ್ಲ್ ವೀಮನ್, ಬಹುಮಾನದ ಹಣದ ಒಂದು ಭಾಗವನ್ನೂ ಹಾಕಿ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ಪರದೆಯ ಮೇಲೆ ಬ್ಯಾಟರಿ, ಬಲ್ಬು, ತಂತಿ ಇರುತ್ತವೆ. ಮಗು ಜೋಡಿಸಿದರೆ ಬಲ್ಬು ಉರಿಯುತ್ತದೆ, ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕಿಗಳಾಗಿ ಹರಿಯುತ್ತವೆ. ಬ್ಯಾಟರಿಯ ಎರಡೂ ತುದಿಗಳನ್ನು ನೇರವಾಗಿ ತಂತಿಯಿಂದ ಸೇರಿಸಿಬಿಟ್ಟರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮಕ್ಕಳು ಮೊದಲು ಮಾಡುವುದೇ ಅದನ್ನು. ಮಾಡಿ ಕಲಿಯುವುದೂ ಅದರಿಂದಲೇ.

2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ನಿಜವಾದ ಬಲ್ಬು, ತಂತಿ ಕೊಟ್ಟರು, ಇನ್ನೊಂದು ಗುಂಪಿಗೆ ಈ ಪರದೆಯ ಬಲ್ಬು, ತಂತಿ. ಆಮೇಲೆ ಎರಡೂ ಗುಂಪಿಗೆ ನಿಜವಾದ ಸಾಮಗ್ರಿಯಿಂದಲೇ ಸರ್ಕ್ಯೂಟ್ ಕಟ್ಟಿ ವಿವರಿಸಲು ಹೇಳಿದಾಗ ಪರದೆಯ ಮೇಲೆ ಕಲಿತವರೇ ಮೇಲುಗೈ ಪಡೆದರು. ಇದನ್ನು ಓದಿ ಪ್ರಯೋಗಾಲಯವೇ ಬೇಡ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಿಲುಬು ಹಿಡಿದ ಹೋಲ್ಡರು, ಸಡಿಲ ತಂತಿ, ಖಾಲಿಯಾದ ಶೆಲ್ಲು ಇವೂ ವಿಜ್ಞಾನದ ಭಾಗವೇ, ಅವು ಪರದೆಯ ಮೇಲೆ ಬರುವುದಿಲ್ಲ. ಆ ಅಧ್ಯಯನದಿಂದ ನಾನು ತೆಗೆದುಕೊಳ್ಳುವುದು ಬೇರೆ: ಕಣ್ಣಿಗೆ ಕಾಣದ್ದನ್ನು, ಅಂದರೆ ಹರಿಯುವ ಎಲೆಕ್ಟ್ರಾನನ್ನು, ಕಾಣಿಸಿದ್ದರಿಂದ ಕೈಗೆ ತಿಳಿವಳಿಕೆ ಬಂತು. ನಮ್ಮ ಎಷ್ಟೋ ಶಾಲೆಗಳಲ್ಲಿ ಬೀರುವಿಗೆ ಬೀಗ ಹಾಕಿಟ್ಟ ಅಮ್ಮೀಟರಿಗಿಂತ ಮುಟ್ಟಲು ಸಿಗುವ ಪರದೆಯ ಅಮ್ಮೀಟರು ಸಾವಿರ ಪಾಲು ಮೇಲು ಎಂಬುದಂತೂ ನಿಜ.

ಕೈಗೆ ಸಿಗುವ ಗಣಿತದ ಇನ್ನೊಂದು ಸುಂದರ ಮಾದರಿ ಜರ್ಮನಿಯ ‘ಇಮ್ಯಾಜಿನರಿ’. 2008ನೇ ಇಸವಿಯನ್ನು ಆ ದೇಶ ಗಣಿತ ವರ್ಷವೆಂದು ಆಚರಿಸಿದಾಗ ಓಬರ್‌ವೋಲ್ಫಾಖ್ ಗಣಿತ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದ ಸಂಚಾರಿ ಪ್ರದರ್ಶನ ಅದು. ಅದರ ‘ಸರ್ಫರ್’ ತಂತ್ರಾಂಶದಲ್ಲಿ ಒಂದೇ ಸಾಲಿನ ಸಮೀಕರಣ ಬರೆದರೆ ಪರದೆಯ ಮೇಲೆ ನಿಂಬೆಹಣ್ಣು ಮೂಡುತ್ತದೆ. ಒಂದು ಘಾತಾಂಕ ತಿದ್ದಿದರೆ ನಿಂಬೆಯ ಮೂತಿ ಬೇರೆ ಆಕಾರ ತಾಳುತ್ತದೆ. ಇನ್ನು ‘ತ್ರೀ ಬ್ಲೂ ಒನ್ ಬ್ರೌನ್’ ಹೆಸರಿನಲ್ಲಿ ಗ್ರಾಂಟ್ ಸ್ಯಾಂಡರ್‌ಸನ್ ಮಾಡುವ ಗಣಿತದ ವಿಡಿಯೊಗಳು ಕಣ್ಣಿಗೆ ಹಬ್ಬ. ಅವುಗಳಿಗಾಗಿ ತಾವೇ ಬರೆದುಕೊಂಡ ತಂತ್ರಾಂಶವನ್ನೂ ಅವರು ಎಲ್ಲರಿಗೂ ಬಿಟ್ಟುಕೊಟ್ಟರು. ಆದರೆ ವಿಡಿಯೊ ನೋಡುವಾಗ ಕೈ ಸುಮ್ಮನಿರುತ್ತದೆ. ನೋಡಿ ಅರ್ಥವಾಯಿತು ಅನ್ನಿಸಿದ್ದು ಮರುದಿನ ಲೆಕ್ಕಕ್ಕೆ ಕೂತಾಗ ಎಲ್ಲಿ ಹೋಯಿತೋ ಎಂದು ಹುಡುಕಿದ ಅನುಭವ ಅನೇಕರಿಗಿದೆ.

ಕಂಪ್ಯೂಟರೇ ಇಲ್ಲದ ಕಡೆ ಏನು? ನಮ್ಮ ದೇಶ ಕೊಟ್ಟ ಉತ್ತರ ಜಗತ್ತಿಗೇ ಮಾದರಿ. ಐಐಟಿ ಕಾನ್ಪುರದಲ್ಲಿ ಓದಿ, ಪುಣೆಯ ಟೆಲ್ಕೊದಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತ 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿ 1972ರಿಂದ ಹಳ್ಳಿ ಶಾಲೆಗಳಲ್ಲಿ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮವೊಂದು ನಡೆದಿತ್ತು. ಗುಪ್ತ ಅವರಿಗೆ ಅಲ್ಲಿ ಹೊಳೆದದ್ದು ಸೈಕಲ್ ವಾಲ್ ಟ್ಯೂಬು ಮತ್ತು ಬೆಂಕಿಕಡ್ಡಿ. ಟ್ಯೂಬಿನ ಸಣ್ಣ ಸಣ್ಣ ತುಂಡುಗಳೇ ಕೀಲು, ಕಡ್ಡಿಗಳೇ ಬಾಹು. ಮೂರು ಕಡ್ಡಿ ಸೇರಿಸಿ ತ್ರಿಭುಜ ಮಾಡಿ ಒತ್ತಿ ನೋಡಿ, ಅದು ಅಲುಗುವುದಿಲ್ಲ. ನಾಲ್ಕು ಕಡ್ಡಿಯ ಚೌಕವನ್ನು ಬೆರಳಿನಿಂದ ತಳ್ಳಿ, ವಾಲಿ ವಜ್ರಾಕೃತಿಯಾಗುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಉದ್ದನೆಯ ಕಡ್ಡಿ ಕೊಡಿ, ಗಟ್ಟಿಯಾಗಿ ನಿಲ್ಲುತ್ತದೆ. ಇಷ್ಟು ಮಾಡಿದ ಮಗು ಹೆಂಚಿನ ಮಾಡಿನ ಅಡಿ, ರೈಲ್ವೆ ಸೇತುವೆಯ ಪಕ್ಕ, ಮೊಬೈಲ್ ಟವರಿನ ಉದ್ದಕ್ಕೂ ತ್ರಿಭುಜಗಳನ್ನೇ ಕಾಣತೊಡಗುತ್ತದೆ. ಜಿಯೋಜಿಬ್ರಾದ ಮೂಲೆ ಎಳೆದದ್ದೂ ಈ ಚೌಕವನ್ನು ತಳ್ಳಿದ್ದೂ ಒಂದೇ ಜಾತಿಯ ಕಲಿಕೆ. ಒಂದಕ್ಕೆ ಕರೆಂಟು ಬೇಕು, ಇನ್ನೊಂದಕ್ಕೆ ಬೇಡ, ಅಷ್ಟೇ.

ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ.ಆರ್. ಕಾಪ್ರೇಕರ್ 1949ರಲ್ಲಿ ಮುಂದಿಟ್ಟ 6174ರ ಲೆಕ್ಕ ಕೂಡ ಹೀಗೆ ಸ್ಲೇಟು, ಕಂಪ್ಯೂಟರ್ ಎರಡಕ್ಕೂ ಒಗ್ಗುವಂಥದ್ದು. ಎಲ್ಲ ಅಂಕೆಗಳೂ ಒಂದೇ ಆಗಿರದ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, 3524 ಇರಲಿ. ಇಳಿಕೆ ಕ್ರಮದಿಂದ ಏರಿಕೆ ಕ್ರಮ ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ 8730ರಲ್ಲಿ 0378 ಹೋದರೆ 8352. ಮತ್ತೆ 8532ರಲ್ಲಿ 2358 ಹೋದರೆ 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರಬೇಕು. ನಾಲ್ಕನೇ ತರಗತಿಯ ಮಗು ಸ್ಲೇಟಿನ ಮೇಲೆ ಹತ್ತು ಸಂಖ್ಯೆ ಪರೀಕ್ಷಿಸುತ್ತದೆ, ಅದರ ಅಕ್ಕ ಹತ್ತಾರು ಸಾಲಿನ ಪ್ರೋಗ್ರಾಂ ಬರೆದು ಎಲ್ಲವನ್ನೂ ಪರೀಕ್ಷಿಸುತ್ತಾಳೆ. ಐದಂಕಿಗೂ ಹೀಗೇ ಆಗುತ್ತದೆಯೇ ಎಂದು ಇಬ್ಬರೂ ಕೇಳುತ್ತಾರೆ. ಕಳೆಯುವ ಲೆಕ್ಕದ ಅಭ್ಯಾಸ ಎಂದು ಒಂದು ಪುಟ ತುಂಬಿಸುವುದಕ್ಕಿಂತ ಇದು ಎಷ್ಟು ಮೇಲು ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ರಾಜ್ಯದಲ್ಲಿ ಅಕ್ಷರ ಫೌಂಡೇಶನ್ ಸರ್ಕಾರದೊಂದಿಗೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಮಣಿ, ಘನಾಕೃತಿ, ಭಿನ್ನರಾಶಿಯ ತುಂಡು, ಗಡಿಯಾರ, ಆಟದ ನೋಟುಗಳ ಪೆಟ್ಟಿಗೆಯನ್ನು ಪ್ರಾಥಮಿಕ ಶಾಲೆಗೆ ಮುಟ್ಟಿಸಿತು. ಅದೇ ಸಂಸ್ಥೆಯ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ನನಗೆ ಇನ್ನೂ ಹೆಚ್ಚು ಮುಖ್ಯವೆನಿಸುತ್ತವೆ. ಮಕ್ಕಳ ಲೆಕ್ಕದ ವಿಷಯ ಊರಿನ ಕಟ್ಟೆಯ ಮೇಲೆ ಚರ್ಚೆಗೆ ಬರುವುದು ಸಣ್ಣ ಸಂಗತಿಯಲ್ಲ. ಹಾಗೆಯೇ ‘ಕಲಿಕಾ ಹಬ್ಬ’ಗಳಲ್ಲಿ ‘ಕಾಗದ-ಕತ್ತರಿ’, ‘ಮಾಡು-ಆಡು’, ‘ಊರು ತಿಳಿಯೋಣ’ ಎಂಬ ಹೆಸರಿನ ಮೂಲೆಗಳಿಟ್ಟು ಸರ್ಕಾರಿ ಶಾಲೆಯ ಮಕ್ಕಳನ್ನು ಎರಡು ದಿನ ಓಡಾಡಿಸಲಾಯಿತು. ಎರಡು ದಿನದ ನಂತರದ ಇನ್ನೂರು ದಿನ ಏನಾಗುತ್ತದೆ ಎನ್ನುವುದೇ ಉಳಿಯುವ ಚಿಂತೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಕನ್ನಡ ಈ ಕೆಲಸಕ್ಕೆ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಒಬ್ಬರೇ ಕಟ್ಟಿದರು. 1978ರಿಂದ ‘ಬಾಲ ವಿಜ್ಞಾನ’ ಪತ್ರಿಕೆ ಹಳ್ಳಿ ಶಾಲೆಯ ಮೇಷ್ಟರ ಕೈ ಸೇರಿತು. ಆದರೆ ಪುಸ್ತಕದ ಕನ್ನಡ ಒಂದು ಬಗೆ, ತಂತ್ರಾಂಶದ ಕನ್ನಡ ಇನ್ನೊಂದು ಬಗೆ. ಪುಸ್ತಕದಲ್ಲಿ ಪೂರ್ಣ ವಾಕ್ಯ ನಿಮ್ಮ ಕೈಯಲ್ಲಿರುತ್ತದೆ. ತಂತ್ರಾಂಶದಲ್ಲಿ ವಾಕ್ಯ ತುಂಡುತುಂಡಾಗಿ ಬರುತ್ತದೆ.

ಅನುವಾದಕ್ಕೆ ಕೂತವರಿಗೆ ಗೊತ್ತಿರುವ ಕಷ್ಟ ಇದು. ಮೂಲದಲ್ಲಿ ‘ಇಂಥದರ ವಿಸ್ತೀರ್ಣ’ ಎಂಬ ಅಚ್ಚು ಇದೆ ಎಂದುಕೊಳ್ಳಿ. ‘ಇಂಥದು’ ಎಂಬ ಖಾಲಿ ಜಾಗದಲ್ಲಿ ತ್ರಿಭುಜ, ವಜ್ರಾಕೃತಿ ಯಾವುದು ಬೇಕಾದರೂ ಬಂದು ಕೂರಬಹುದು. ಇಂಗ್ಲಿಷಿನಲ್ಲಿ ಯಾವ ತೊಂದರೆಯೂ ಇಲ್ಲ, ಪದ ಇದ್ದಂತೆಯೇ ಇರುತ್ತದೆ. ಕನ್ನಡದಲ್ಲಿ ತ್ರಿಭುಜ ‘ತ್ರಿಭುಜದ’ ಆಗಬೇಕು, ವಜ್ರಾಕೃತಿ ‘ವಜ್ರಾಕೃತಿಯ’ ಆಗಬೇಕು. ವಿಭಕ್ತಿಗೆ ಒಂದೇ ಅಚ್ಚು ಸಾಲದು. ಅನುವಾದಕರು ಏನೋ ಒಂದು ಪ್ರತ್ಯಯ ಹಾಕಿ ಕೈತೊಳೆದುಕೊಂಡರೆ ಪರದೆಯ ಮೇಲೆ ‘ತ್ರಿಭುಜ ನ ವಿಸ್ತೀರ್ಣ’ ಎಂದು ಬರುತ್ತದೆ. ಮಗು ಅದನ್ನು ಓದಿ ತನಗೆ ಗಣಿತ ಅರ್ಥವಾಗಲಿಲ್ಲ ಎಂದುಕೊಳ್ಳುತ್ತದೆ. ಅರ್ಥವಾಗದೆ ಹೋದದ್ದು ಗಣಿತವಲ್ಲ, ಆ ಕನ್ನಡ. ಜಾಣ ಅನುವಾದಕರು ವಾಕ್ಯವನ್ನೇ ತಿರುಗಿಸುತ್ತಾರೆ, ‘ವಿಸ್ತೀರ್ಣ: ತ್ರಿಭುಜ’ ಎಂದು ಬರೆದು ಪ್ರತ್ಯಯದ ಹಂಗು ಬಿಡಿಸಿಕೊಳ್ಳುತ್ತಾರೆ. ಇಂಥ ಉಪಾಯಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಕೈಪಿಡಿಯೊಂದು ನಮಗೆ ತುರ್ತಾಗಿ ಬೇಕು.

ಪಾರಿಭಾಷಿಕ ಪದಗಳ ಕಥೆ ಇನ್ನೂ ಸೂಕ್ಷ್ಮ. ಬಸ್ಸಿನ ವೇಗ ಎಂದು ನಾವು ದಿನಾ ಹೇಳುವುದನ್ನು ಭೌತವಿಜ್ಞಾನದ ಪುಸ್ತಕ ‘ಜವ’ ಎನ್ನುತ್ತದೆ. ‘ವೇಗ’ ಎಂಬ ಪದವನ್ನು ಅದು ದಿಕ್ಕೂ ಸೇರಿದ ಪರಿಮಾಣಕ್ಕೆ ಮೀಸಲಿಟ್ಟಿದೆ. ಮನೆಯ ಪದ ಶಾಲೆಯಲ್ಲಿ ಬೇರೆ ಅರ್ಥ ಹೊತ್ತು ನಿಂತಾಗ ಮಗುವಿಗೆ ಯಾರಾದರೂ ಕೂತು ಹೇಳಬೇಕು. ಫೆಟ್‌ನ ಕೆಲವು ಪ್ರಯೋಗಗಳು ಸ್ವಯಂಸೇವಕರ ದುಡಿಮೆಯಿಂದ ಕನ್ನಡದಲ್ಲಿ ಸಿಗುತ್ತವೆ, ಆದರೆ ಪರದೆಯ ಒಂದು ಗುಂಡಿಯ ಮೇಲೆ ‘ಜವ’ ಎಂದು ಬರೆದಷ್ಟಕ್ಕೆ ಆ ವಿವರಣೆ ಬಂದುಬಿಡುವುದಿಲ್ಲ. ಈ ವಿಷಯದಲ್ಲಿ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಹಿಡಿದ ದಾರಿ ನನಗೆ ಮೆಚ್ಚುಗೆ. ಪರದೆ ಇಂಗ್ಲಿಷಿನಲ್ಲೇ ಇರುತ್ತದೆ, ವಿವರಿಸುವ ದನಿ ಕನ್ನಡದ್ದು. ಕಲಿಯುವವರು ನಿಲ್ಲಿಸಿ ನಿಲ್ಲಿಸಿ ಜೊತೆಜೊತೆಗೇ ಮಾಡಿ ನೋಡಬೇಕು. ಕಡಿಮೆ ಖರ್ಚು, ಆದರೂ ಪಕ್ಕದಲ್ಲಿ ಒಬ್ಬ ಅಣ್ಣ ಕೂತು ಹೇಳಿಕೊಟ್ಟಂತೆ.

‘ಎಟುಕುವುದು’ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ, ಅದನ್ನು ನಾವು ಕೊನೆಗೆ ತಳ್ಳುತ್ತಲೇ ಬಂದಿದ್ದೇವೆ. ಕಣ್ಣು ಕಾಣದ ಮಕ್ಕಳಿಗೆ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಲು ನಮ್ಮ ಪರೀಕ್ಷೆಗಳು ಅವಕಾಶ ಕೊಡುತ್ತವೆ. ಕರುಣೆಯಿಂದ ಮಾಡಿದ ವ್ಯವಸ್ಥೆಯೇ ಇರಬಹುದು, ಆದರೆ ಎಂಜಿನಿಯರಿಂಗ್, ವಿಜ್ಞಾನಗಳ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಪುಣೆಯಲ್ಲಿ ಬೆಳೆದು ಹದಿನಾಲ್ಕನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ ಆ ಬಾಗಿಲು ಮುಚ್ಚಲು ಬಿಡಲಿಲ್ಲ. ಐಐಟಿ ಬಾಂಬೆಯಲ್ಲಿ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆಂದು ಗಣಿತವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನೇ ಬರೆದರು. 1994ರಲ್ಲಿ ಮುಗಿದ ಆ ಕೆಲಸಕ್ಕೆ ಇಟ್ಟ ಹೆಸರು ‘ಆಸ್ಟರ್’, ತಮಗೆ ದಾರಿ ತೋರುತ್ತಿದ್ದ ನಾಯಿಯ ಹೆಸರು.

ಅವರು ಎದುರಿಸಿದ ಸಮಸ್ಯೆ ಏನೆಂದು ತಿಳಿಯಲು ಕಣ್ಣು ಮುಚ್ಚಿ ಇದನ್ನು ಕೇಳಿ: "ಎ ಪ್ಲಸ್ ಬಿ ಬೈ ಸಿ." ಎ ಮತ್ತು ಬಿ ಎರಡನ್ನೂ ಕೂಡಿ ಸಿ ಇಂದ ಭಾಗಿಸಬೇಕೋ, ಬಿಯನ್ನಷ್ಟೇ ಭಾಗಿಸಿ ಎಗೆ ಕೂಡಬೇಕೋ? ಕಣ್ಣಿಗೆ ಗೆರೆಯ ಉದ್ದ ನೋಡಿದರೆ ಸಾಕು, ಕಿವಿಗೆ ಗೆರೆ ಇಲ್ಲ. ಆಸ್ಟರ್ ದನಿಯನ್ನೇ ಗೆರೆ ಮಾಡಿಕೊಂಡಿತು. ಘಾತಾಂಕ ಬಂದಾಗ ಸ್ವರ ಮೇಲೇರಬೇಕು, ಪಾದಾಂಕ ಬಂದಾಗ ಕೆಳಗಿಳಿಯಬೇಕು. ಹಾಡು ಕೇಳುವ ಕಿವಿಗೆ ಸಮೀಕರಣವೂ ಸಿಕ್ಕಿತು. 1998ರಲ್ಲಿ ಜಾಲತಾಣಗಳಲ್ಲಿ ಗಣಿತವನ್ನು ಅರ್ಥಸಹಿತ ಬರೆಯಲು ‘ಮ್ಯಾಥ್‌ಎಂಎಲ್’ ಎಂಬ ಶಿಷ್ಟತೆ ಬಂತು. ಜಗತ್ತಿನ ಬಹುಪಾಲು ಜನ ಬಳಸುವ ಕ್ರೋಮ್ ಬ್ರೌಸರ್ ಅದನ್ನು ಸ್ಥಿರವಾಗಿ ಒಳಗೆ ಬಿಟ್ಟುಕೊಂಡದ್ದು 2023ರಲ್ಲಿ. ಕಾಲು ಶತಮಾನ. ಈ ನಡುವೆ ಶಾಲೆಗೆ ಸೇರಿ, ಓದು ಮುಗಿಸಿ, ಗಣಿತವಿಲ್ಲದೆಯೇ ಹೊರಬಂದ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ. ಇಂದಿಗೂ ನಮ್ಮ ಎಷ್ಟೋ ಡಿಜಿಟಲ್ ಪಾಠಗಳಲ್ಲಿ ಸೂತ್ರಗಳು ಚಿತ್ರಗಳಾಗಿ ಅಂಟಿಕೊಂಡಿವೆ, ಓದುವ ತಂತ್ರಾಂಶ ಅಲ್ಲಿಗೆ ಬಂದು ಮೌನವಾಗುತ್ತದೆ. ಅದನ್ನು ಸರಿಪಡಿಸುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಸೂತ್ರವನ್ನು ಸೂತ್ರವಾಗಿ ಬರೆಯುವ ಶಿಸ್ತು ಸಾಕು.

ಕಟ್ಟಿದ್ದನ್ನು ಕಾಪಾಡುವ ವಿಷಯದಲ್ಲೂ ಇದೇ ಅಸಡ್ಡೆ. ಎಷ್ಟೋ ಡಿಜಿಟಲ್ ಪಾಠಗಳು ನೆಚ್ಚಿಕೊಂಡಿದ್ದ ಫ್ಲ್ಯಾಶ್ ತಂತ್ರಜ್ಞಾನ 2020ರ ಡಿಸೆಂಬರ್ 31ಕ್ಕೆ ನಿಂತಿತು. ಫೆಟ್ ಅದನ್ನು ಮುಂದಾಗಿ ಕಂಡು ತನ್ನ ಪ್ರಯೋಗಗಳನ್ನು ವರ್ಷಗಟ್ಟಲೆ ಕೂತು ಹೊಸದಾಗಿ ಬರೆಯಿತು. ಹಾಗೆ ಬರೆಸಿಕೊಳ್ಳುವ ಶಕ್ತಿಯಿಲ್ಲದ ಪಾಠಗಳು ಸಿಡಿಗಳಲ್ಲಿ ಉಳಿದವು, ತೆರೆಯುವ ಯಂತ್ರವಿಲ್ಲ. ಹೊಸ ಆ್ಯಪ್ ಬಿಡುಗಡೆಗೆ ಸಮ್ಮೇಳನ ನಡೆಯುತ್ತದೆ, ಹಳೆಯದನ್ನು ದುರಸ್ತಿ ಮಾಡುವವರಿಗೆ ಸಂಬಳ ಸಿಗುವುದಿಲ್ಲ. ಶಿಕ್ಷಕರ ತರಬೇತಿಯೂ ಹೆಚ್ಚಾಗಿ ಗುಂಡಿ ಒತ್ತುವುದನ್ನು ಕಲಿಸಿ ಮುಗಿಯುತ್ತದೆ. 180.01 ಬಂದಾಗ ಏನು ಮಾಡಬೇಕು ಎಂಬುದು ಆ ತರಬೇತಿಯಲ್ಲಿ ಇರುವುದಿಲ್ಲ.

ಆ ಮೇಡಂ ಅದನ್ನು ಎಲ್ಲಿ ಕಲಿತರೆಂದು ಆಮೇಲೆ ಕೇಳಿದೆ. ಹಿಂದಿನ ಒಂದು ವರ್ಷ ಇದೇ ಪ್ರಶ್ನೆ ಬಂದು ತಮಗೆ ಉತ್ತರ ಹೊಳೆದಿರಲಿಲ್ಲವಂತೆ. ಮನೆಗೆ ಹೋಗಿ ರಾತ್ರಿ ಕೂತು, ಎಲ್ಲ ಸ್ಥಾನಗಳನ್ನೂ ಏರಿಸಿ ನೋಡಿ, ಅಂದಾಜಿಗೆ ತಂದ ಅಂಕಿಗಳನ್ನು ಕೂಡಿದರೆ ಹೀಗಾಗುತ್ತದೆಂದು ಕಂಡುಕೊಂಡರು. ಸ್ಥಾನಗಳನ್ನು ಮೊದಲೇ ಹತ್ತಕ್ಕೆ ಏರಿಸಿಟ್ಟರೆ ಈ ರಗಳೆ ಕಡಿಮೆ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರಂತೆ. ಅವರು ಕೇಳಲಿಲ್ಲ. ಪ್ರತಿ ಜೂನಿನಲ್ಲೂ ಹೊಸ ಒಂಬತ್ತನೇ ತರಗತಿಗೆ ಆ ಫೈಲನ್ನು ತೆರೆಯುವಾಗ ದಶಮಾಂಶ ಸ್ಥಾನಗಳನ್ನು ಎರಡಕ್ಕೇ ಬಿಟ್ಟಿರುತ್ತಾರೆ, ಮಕ್ಕಳಲ್ಲಿ ಯಾರಾದರೊಬ್ಬರು ಕೂಡಿ ನೋಡಲಿ ಎಂದು.